ಯಾರದೆಂದು ತಿಳಿಯದ ದುಃಖ

ಪರದೆ ಪೂರ್ತಿ ಕಪ್ಪು. ಆ ಕಪ್ಪಿನ ನಡುವೆ ಹಳೆಯ ಕಾಲದ ಒಂದು ಗಾಜಿನ ತೂಗುದೀಪ. ದೊಡ್ಡ ಮನೆಗಳ ಹಜಾರದಲ್ಲಿ ಇರುತ್ತಿತ್ತಲ್ಲ, ಅಂಥ ಶ್ಯಾಂಡ್ಲಿಯರ್. ಅದು ಮೆಲ್ಲಗೆ ತೂಗುತ್ತಿದೆ. ಅದನ್ನು ಹೊತ್ತ ಛಾವಣಿ ಕಾಣದು, ಸುತ್ತಲಿನ ಗೋಡೆ ಕಾಣದು, ತೂಗುವುದಕ್ಕೆ ಕಾರಣವೂ ಕಾಣದು. ಅದರ ಮೇಲೆ ಹೆಸರುಗಳು ಬಂದು ಹೋಗುತ್ತಿದ್ದಂತೆ ದೀಪ ದೊಡ್ಡದಾಗುತ್ತ ಬರುತ್ತದೆ. ಅದೇ ನಮ್ಮ ಕಡೆಗೆ ಬರುತ್ತಿದೆಯೋ ನಾವೇ ಅತ್ತ ಸರಿಯುತ್ತಿದ್ದೇವೋ ಹೇಳುವುದು ಕಷ್ಟ. ಹಿನ್ನೆಲೆಯಲ್ಲಿ ವಿಲಾಯತ್ ಖಾನರ ಸಂಗೀತ.

ಇದು 1958ರಲ್ಲಿ ಬಂದ ಸತ್ಯಜಿತ್ ರಾಯ್ ಅವರ ‘ಜಲಸಾಘರ್’ ಚಿತ್ರದ ಶೀರ್ಷಿಕೆಯ ದೃಶ್ಯ. ಛಾಯಾಗ್ರಹಣ ಸುಬ್ರತ ಮಿತ್ರ ಅವರದು. ಈ ಒಂದೆರಡು ನಿಮಿಷದಲ್ಲಿ ಕಥೆಯ ಬಗ್ಗೆ ನಮಗೆ ಸಿಕ್ಕ ಸುದ್ದಿ ಏನೂ ಇಲ್ಲ. ಊರು ಯಾವುದು, ಮನೆ ಯಾರದು, ಅಲ್ಲಿ ಏನಾಯಿತು, ಒಂದೂ ಗೊತ್ತಿಲ್ಲ. ಆದರೂ ಕೊನೆಯ ಹೆಸರು ಮಾಯವಾಗುವ ಹೊತ್ತಿಗೆ ಮನಸ್ಸು ಭಾರವಾಗಿರುತ್ತದೆ. ಯಾವುದೋ ದೊಡ್ಡದೊಂದು ಮುಗಿದುಹೋಗಿದೆ, ನಾವು ತಡವಾಗಿ ಬಂದಿದ್ದೇವೆ ಅನ್ನಿಸಿರುತ್ತದೆ. ಆಮೇಲೆ ಮಾಳಿಗೆಯ ಮೇಲೆ ಕುರ್ಚಿಯಲ್ಲಿ ಕುಳಿತ ಮುದಿ ಜಮೀನ್ದಾರನ ಮುಖ ಬರುತ್ತದೆ. ಛಬಿ ಬಿಸ್ವಾಸ್ ಅವರ ಮರೆಯಲಾಗದ ಮುಖ. ಇದು ಯಾವ ತಿಂಗಳು ಎಂದು ಆತ ಆಳನ್ನು ಕೇಳುತ್ತಾನೆ. ಕಾಲದ ಲೆಕ್ಕವನ್ನೇ ಬಿಟ್ಟವನ ಪ್ರಶ್ನೆ ಅದು. ಆದರೆ ಆ ಪ್ರಶ್ನೆ ಕೇಳಿ ನಮಗೆ ಬೆರಗಾಗುವುದಿಲ್ಲ. ಅವನ ಸ್ಥಿತಿ ನಮಗೆ ಆಗಲೇ ಗೊತ್ತು. ಹೇಗೆ ಗೊತ್ತಾಯಿತು?

ಶಾಸ್ತ್ರದ ಪ್ರಕಾರ ಹೀಗಾಗಬಾರದು. ಭಾವ ಹುಟ್ಟುವುದಕ್ಕೆ ನಮ್ಮ ರಸಶಾಸ್ತ್ರ ಎರಡು ಬಗೆಯ ಕಾರಣ ಹೇಳುತ್ತದೆ. ಒಂದು ಆಲಂಬನ ವಿಭಾವ, ಎಂದರೆ ಯಾರನ್ನು ಆತುಕೊಂಡು ಭಾವ ನಿಲ್ಲುತ್ತದೆಯೋ ಆ ವ್ಯಕ್ತಿ. ದುಷ್ಯಂತನಿಗೆ ಶಕುಂತಲೆ, ರಾಮನಿಗೆ ಸೀತೆ. ಇನ್ನೊಂದು ಉದ್ದೀಪನ ವಿಭಾವ. ಬೆಳದಿಂಗಳು, ಮಳೆಗಾಲದ ಮೋಡ, ಕೋಗಿಲೆ, ತೋಟ, ತಂಗಾಳಿ ಮುಂತಾದ ಸುತ್ತಮುತ್ತಲಿನ ಸಂಗತಿಗಳು. ಇವು ಇದ್ದ ಭಾವವನ್ನು ಹೆಚ್ಚಿಸುತ್ತವೆ ಅಷ್ಟೆ. ಕಿಡಿಯೇ ಇಲ್ಲದ ಒಲೆಗೆ ಊದುಕೊಳವೆ ಹಿಡಿದು ಎಷ್ಟು ಊದಿದರೆ ಏನು ಬಂತು? ಮೊದಲು ನಾಯಕಿ ಬರಬೇಕು, ಆಮೇಲೆ ಬೆಳದಿಂಗಳು. ಸಿನಿಮಾದ ಆರಂಭದ ಶೀರ್ಷಿಕೆಗಳು ಈ ಕ್ರಮವನ್ನೇ ತಲೆಕೆಳಗು ಮಾಡುತ್ತವೆ. ನಾಯಕಿ ಇಲ್ಲ, ನಾಯಕ ಇಲ್ಲ, ಬರೀ ಬೆಳದಿಂಗಳು. ಆದರೂ ಒಲೆ ಹತ್ತಿಕೊಳ್ಳುತ್ತದೆ. ನಮ್ಮೊಳಗೆ ದುಃಖವೋ ಭಯವೋ ತಳಮಳವೋ ಎದ್ದು ಕುಳಿತು, ತಾನು ಯಾರದು ಎಂದು ಅತ್ತಿತ್ತ ನೋಡುತ್ತದೆ. ಇಷ್ಟು ವರ್ಷ ಸಿನಿಮಾ ನೋಡಿದ ಮೇಲೂ ನನಗೆ ಈ ಒಡೆಯನಿಲ್ಲದ ಭಾವದಷ್ಟು ವಿಸ್ಮಯದ್ದು ಸಿನಿಮಾದಲ್ಲಿ ಬೇರೆ ಇಲ್ಲ.

ಹಾಗೆಂದು ಹಳಬರಿಗೆ ಇದರ ಸುಳಿವೇ ಇರಲಿಲ್ಲ ಎನ್ನುವಂತಿಲ್ಲ. ನಾಟ್ಯಶಾಸ್ತ್ರದ ಐದನೆಯ ಅಧ್ಯಾಯ ಪೂರ್ತಿ ಪೂರ್ವರಂಗಕ್ಕೇ ಮೀಸಲು. ಅದರ ಹತ್ತೊಂಬತ್ತು ಅಂಗಗಳಲ್ಲಿ ಒಂಬತ್ತು ತೆರೆಯ ಹಿಂದೆಯೇ ನಡೆಯುವಂಥವು. ಪ್ರೇಕ್ಷಕನಿಗೆ ಕಾಣದೆ ಕೆಲಸ ಶುರುವಾಗಿರುತ್ತದೆ. ಇನ್ನು ಅಭಿನವಗುಪ್ತ ರಸಾನುಭವಕ್ಕೆ ಏಳು ವಿಘ್ನಗಳನ್ನು ಎಣಿಸುತ್ತಾನೆ. ಅವುಗಳಲ್ಲಿ ಒಂದು, ನೋಡುಗ ತನ್ನದೇ ಸುಖದುಃಖದಲ್ಲಿ ಮುಳುಗಿಹೋಗಿರುವುದು. ಅದಕ್ಕೆ ಅವನು ಹೇಳುವ ಮದ್ದು ಹಾಡು, ವಾದ್ಯ, ರಂಗಮಂಟಪದ ಸಿಂಗಾರ ಮೊದಲಾದವು. ಸಾವಿರ ವರ್ಷದ ಹಿಂದಿನ ಕಾಶ್ಮೀರಿ ಪಂಡಿತನಿಗೆ ನಮ್ಮ ಮಾಲ್‌ಗಳ ಪ್ರೇಕ್ಷಕ ಚೆನ್ನಾಗಿ ಗೊತ್ತಿದ್ದ ಅನ್ನಿಸುತ್ತದೆ. ಪಾರ್ಕಿಂಗ್‌ನಲ್ಲಿ ಜಗಳವಾಡಿ, ಪಾಪ್‌ಕಾರ್ನ್ ಬೆಲೆಗೆ ಬೈದು, ಆಫೀಸಿನ ಮೆಸೇಜು ನೋಡುತ್ತ ಒಳಗೆ ಬಂದವನಿಗೆ ಒಮ್ಮೆಗೇ ಬೇರೊಬ್ಬರ ದುಃಖ ಹೇಳಿದರೆ ಅದು ಹೊಕ್ಕುವುದಾದರೂ ಎಲ್ಲಿಗೆ? ಅವನ ಸ್ವಂತದ್ದು ಇಳಿಯಬೇಕು, ಜಾಗ ಖಾಲಿಯಾಗಬೇಕು.

ಕರಾವಳಿಯ ಆಟಗಳನ್ನು ನೋಡಿದವರಿಗೆ ಇದು ಹೊಸತಲ್ಲ. ವಿದ್ಯುತ್ ದೀಪ ಬರುವ ಮೊದಲು ಯಕ್ಷಗಾನಕ್ಕೆ ದೊಂದಿಯ ಬೆಳಕೇ ಗತಿ. ಬಣ್ಣದ ವೇಷ ರಂಗಕ್ಕೆ ಬರುವಾಗ ಇಬ್ಬರು ತೆರೆ ಹಿಡಿದು ನಿಲ್ಲುತ್ತಾರೆ. ಮೊದಲು ಕಾಣುವುದು ತೆರೆಯ ಮೇಲಂಚಿನಲ್ಲಿ ಕಿರೀಟದ ತುದಿ, ಆಮೇಲೆ ಬೆರಳುಗಳು. ಚೆಂಡೆ ಏರುತ್ತಿರುತ್ತದೆ. ದೊಂದಿಗೆ ರಾಳದ ಪುಡಿ ಎರಚಿದಾಗ ಬೆಂಕಿ ಭಗ್ಗೆಂದು ಎದ್ದು, ತೆರೆ ಕೆಂಪಾಗಿ, ಮತ್ತೆ ಕತ್ತಲಾಗುತ್ತದೆ. ಮುಂದಿನ ಸಾಲಿನಲ್ಲಿ ಕುಳಿತ ಮಗುವಿಗೆ ಬಂದವನು ರಾವಣನೋ ಮಹಿಷಾಸುರನೋ ಗೊತ್ತಿಲ್ಲ, ಆದರೆ ಅದು ಆಗಲೇ ಅಜ್ಜಿಯ ಸೆರಗು ಹಿಡಿದಿದೆ. ಅಂಜಿಕೆ ಮೊದಲು, ಹೆಸರು ಆಮೇಲೆ.

ಸಿನಿಮಾದಲ್ಲಿ ಈ ಕೆಲಸ ಛಾಯಾಗ್ರಾಹಕನ ಪಾಲಿಗೆ ಬಂತು. ಅವನಿಗಿದ್ದ ಒಂದು ತೊಡಕು ಚೆಂಡೆಯವನಿಗೆ ಇರಲಿಲ್ಲ. ಅವನ ಚಿತ್ರದ ಮೇಲೆ ಅಕ್ಷರಗಳು ಬರುತ್ತವೆ! ಆದ್ದರಿಂದ ಚೌಕಟ್ಟಿನಲ್ಲಿ ಎಲ್ಲೋ ಒಂದು ಕಡೆ ಅಕ್ಷರಕ್ಕೆಂದು ಖಾಲಿ ಜಾಗ ಬಿಡಬೇಕು. ಆಕಾಶವೋ ಗೋಡೆಯೋ ಕತ್ತಲೋ ಅಲ್ಲಿ ಇರಬೇಕು, ಕಣ್ಣು ಸೆಳೆಯುವಂಥದ್ದು ಏನೂ ಇರಬಾರದು. ಬರೀ ವ್ಯವಹಾರದ ಮಾತು ಇದು. ಆದರೆ ಈ ವ್ಯವಹಾರದಿಂದಲೇ ಎಂಥ ಭಾವ ಹುಟ್ಟಬಹುದು ಎಂಬುದಕ್ಕೆ ಮಾರ್ಟಿನ್ ಸ್ಕಾರ್ಸೇಸೆಯ ‘ರೇಜಿಂಗ್ ಬುಲ್’ (1980) ನೋಡಬೇಕು. ಕಪ್ಪು ಬಿಳುಪಿನ ಚಿತ್ರ, ಛಾಯಾಗ್ರಾಹಕ ಮೈಕೇಲ್ ಚಾಪ್ಮನ್. ಹೊಗೆ ಕವಿದ ಬಾಕ್ಸಿಂಗ್ ರಿಂಗ್. ಮುಂದೆ ಅಡ್ಡಕ್ಕೆ ಎಳೆದ ಹಗ್ಗಗಳು. ಒಳಗೆ ಒಂದು ಬದಿಗೆ, ಟೊಪ್ಪಿಗೆಯ ನಿಲುವಂಗಿ ತೊಟ್ಟ ಒಬ್ಬನೇ ಒಬ್ಬ, ಎದುರಾಳಿಯಿಲ್ಲದೆ ಗಾಳಿಗೆ ಗುದ್ದುತ್ತ ಕುಣಿಯುತ್ತಿದ್ದಾನೆ, ನಿಧಾನ ಚಲನೆಯಲ್ಲಿ. ಕ್ಯಾಮೆರಾ ಕದಲುವುದಿಲ್ಲ. ಮಸ್ಕಾನ್ಯಿಯ ಆಪೆರಾದಿಂದ ತೆಗೆದ ಮಧುರವಾದ ಸಂಗೀತ. ಉಳಿದ ರಿಂಗ್ ಎಲ್ಲ ಖಾಲಿ. ಆ ಖಾಲಿ ಹೆಸರುಗಳಿಗಾಗಿ ಬಿಟ್ಟದ್ದು. ಆದರೆ ನಮಗೆ ಕಾಣುವುದು ಅವನ ಒಂಟಿತನ. ಸಾವಿರಾರು ಜನರೆದುರು ಹೊಡೆದಾಡಿ ಬದುಕುವವನು ಇಷ್ಟು ದೊಡ್ಡ ಬರಿದಿನಲ್ಲಿ ಒಬ್ಬನೇ ಇದ್ದಾನಲ್ಲ ಎಂಬ ಮರುಕ. ಹೆಸರು ಬಂದು ಹೋದ ಮೇಲೆ ಆ ಜಾಗ ಮತ್ತೆ ಬರಿದಾಗುತ್ತದೆ, ಪ್ರತಿ ಸಲವೂ.

ಜಲಸಾಘರದ ಕತ್ತಲೂ ಅಂಥದ್ದೇ. ರಾಯ್ ಚಿತ್ರರಂಗಕ್ಕೆ ಬರುವ ಮುಂಚೆ ಕಲ್ಕತ್ತೆಯ ಜಾಹೀರಾತು ಸಂಸ್ಥೆಯಲ್ಲಿ ಕಲಾವಿದರಾಗಿದ್ದವರು, ಸಿಗ್ನೆಟ್ ಪ್ರೆಸ್ಸಿನ ಪುಸ್ತಕಗಳಿಗೆ ಮುಖಪುಟ ಬರೆದವರು, ಅಕ್ಷರಗಳನ್ನೇ ಹೊಸದಾಗಿ ರೂಪಿಸಿದವರು. ಅಕ್ಷರ ಎಲ್ಲಿ ಕೂರಬೇಕು, ಅದರ ಸುತ್ತ ಎಷ್ಟು ಬಯಲು ಬೇಕು ಎನ್ನುವುದು ಅವರ ಕೈಗೇ ಗೊತ್ತಿತ್ತು. ಮಿತ್ರ ಅವರ ಕಥೆ ಇನ್ನೂ ಸ್ವಾರಸ್ಯದ್ದು. ಜಾನ್ ರೆನ್ವಾ ‘ದಿ ರಿವರ್’ ಚಿತ್ರೀಕರಣಕ್ಕೆ ಕಲ್ಕತ್ತೆಯ ಕಡೆ ಬಂದಿದ್ದಾಗ ಪಕ್ಕದಲ್ಲಿ ನಿಂತು ನೋಡಿದ್ದೇ ಅವರ ಪಾಠಶಾಲೆ. ‘ಪಥೇರ್ ಪಾಂಚಾಲಿ’ಗೆ ಕೆಲಸ ಶುರುಮಾಡುವಾಗ ಇಪ್ಪತ್ತೊಂದು ಇಪ್ಪತ್ತೆರಡರ ಹುಡುಗ, ಅದಕ್ಕೆ ಮುಂಚೆ ಸಿನಿಮಾ ಕ್ಯಾಮೆರಾ ನಡೆಸಿದವರಲ್ಲ. ಮುಂದಿನ ‘ಅಪರಾಜಿತೊ’ದಲ್ಲಿ ಕಾಶಿಯ ಮನೆಯ ಅಂಗಳವನ್ನು ಸ್ಟುಡಿಯೋದಲ್ಲಿ ಕಟ್ಟಿದಾಗ, ಮೇಲೆ ಬಿಳಿ ಬಟ್ಟೆ ಹರವಿ, ದೀಪಗಳನ್ನು ಆ ಬಟ್ಟೆಗೆ ಬಿಟ್ಟು, ಅಲ್ಲಿಂದ ತಿರುಗಿ ಬಂದ ಬೆಳಕಿನಲ್ಲಿ ಚಿತ್ರ ತೆಗೆದರು. ನೆರಳೇ ಬೀಳದಂಥ ಮೆತ್ತನೆಯ ಹಗಲು. ಅಂಥ ಹಗಲನ್ನು ಕಂಡುಕೊಂಡವರು ಜಲಸಾಘರದ ಆರಂಭಕ್ಕೆ ಹಗಲನ್ನೆಲ್ಲ ಹೊರಗಿಟ್ಟು ಒಂದು ದೀಪವನ್ನಷ್ಟೇ ಕತ್ತಲಲ್ಲಿ ತೂಗಿಬಿಟ್ಟರು.

ಫಿಲ್ಮಿನ ಕಾಲದ ಇನ್ನೊಂದು ಗುಟ್ಟನ್ನೂ ಇಲ್ಲೇ ಹೇಳಿಬಿಡಬೇಕು. ಚಲಿಸುವ ಚಿತ್ರದ ಮೇಲೆ ಅಕ್ಷರ ಕೂರಿಸಲು ಆಗ ಲ್ಯಾಬಿನಲ್ಲಿ ಎರಡನ್ನೂ ಸೇರಿಸಿ ಮತ್ತೊಂದು ನೆಗೆಟಿವ್ ಮಾಡಬೇಕಿತ್ತು. ನಕಲಿನ ನಕಲಾದ್ದರಿಂದ ಆ ಭಾಗ ತುಸು ಮಸುಕು, ಚುಕ್ಕೆ ಚುಕ್ಕೆ. ಕೊನೆಯ ಹೆಸರು ಹೋಗಿ ಮುಂದಿನ ಶಾಟ್ ಬಂದ ತಕ್ಷಣ ಚಿತ್ರ ಥಟ್ಟನೆ ನಿಚ್ಚಳವಾಗುತ್ತದೆ. ಹಳೆಯ ಸಿನಿಮಾಗಳಲ್ಲಿ ಗಮನಿಸಿ ನೋಡಿ. ಅದು ದೋಷವೇ. ಆದರೂ ನೆನಪಿನಿಂದ ವರ್ತಮಾನಕ್ಕೆ ದಾಟಿದಂತೆ ಅನ್ನಿಸುವುದರಲ್ಲಿ ಆ ದೋಷಕ್ಕೂ ಪಾಲಿದೆ.

ಜಲಸಾಘರವಾಗಿ ಐದು ವರ್ಷಕ್ಕೆ, 1963ರಲ್ಲಿ, ಅದೇ ರಾಯ್, ಅದೇ ಮಿತ್ರ ಸೇರಿ ‘ಮಹಾನಗರ್’ ಮಾಡಿದರು. ಇಲ್ಲಿ ಹೆಸರುಗಳ ಹಿಂದೆ ಕಾಣುವುದು ಟ್ರಾಮಿನ ನೆತ್ತಿಯ ಕಂಬಿ. ಕಲ್ಕತ್ತೆಯಲ್ಲಿ 1902ರಿಂದ ಓಡುತ್ತಿದ್ದ ವಿದ್ಯುತ್ ಟ್ರಾಮು ತಲೆಯ ಮೇಲಿನ ತಂತಿಗೆ ಆ ಕಂಬಿ ತಾಗಿಸಿ ಕರೆಂಟು ಎಳೆದುಕೊಳ್ಳುತ್ತಿತ್ತು. ಚೌಕಟ್ಟಿನಲ್ಲಿ ಟ್ರಾಮಿಲ್ಲ, ಬೀದಿಯಿಲ್ಲ, ಜನರಿಲ್ಲ. ತಂತಿಗೆ ಒರೆಸಿಕೊಂಡು ಓಡುವ ಕಂಬಿ, ಆಗೀಗ ಚಟ್ಟೆಂದು ಹಾರುವ ಕಿಡಿ. ಅಷ್ಟರಲ್ಲೇ ಒಂದು ಇಡೀ ಊರಿನ ಧಾವಂತ, ಅಲ್ಲಿನ ಕೆಳಮಧ್ಯಮ ವರ್ಗದವರ ಎಳೆದಾಟ. ಮುಂದೆ ಆರತಿ ಎಂಬ ಸೊಸೆ ಮನೆಯ ಖರ್ಚು ತೂಗಿಸಲು ಕೆಲಸಕ್ಕೆ ಹೊರಡುತ್ತಾಳೆ, ಮಾವ ಮುನಿಯುತ್ತಾನೆ, ಗಂಡ ಅಳುಕುತ್ತಾನೆ. ಆ ಕಿಡಿಗಳನ್ನು ಅವರಿಗೆಲ್ಲ ಹಂಚಬಹುದು. ಆದರೆ ಶೀರ್ಷಿಕೆಯ ಹೊತ್ತಿಗೆ ಅವು ಬರೀ ಕಿಡಿಗಳು. ಚಿತ್ರ ಮುಗಿಯುವಾಗ ಕ್ಯಾಮೆರಾ ಒಂದು ಬೀದಿದೀಪದ ಕಡೆಗೆ ಏರುತ್ತದೆ. ಅದರ ಎರಡು ಬಲ್ಬುಗಳಲ್ಲಿ ಒಂದೇ ಉರಿಯುತ್ತಿದೆ. ಅದನ್ನು ಸಂಕೇತವೆಂದು ಬಿಡಿಸಿ ಹೇಳುವವರಿದ್ದಾರೆ. ನನಗೆ ಮೊದಲಿನ ಕಿಡಿಯೇ ಹೆಚ್ಚು, ಏಕೆಂದರೆ ಅದನ್ನು ಯಾರ ಲೆಕ್ಕಕ್ಕೆ ಬರೆಯಬೇಕೆಂದು ಇನ್ನೂ ನಿರ್ಧಾರವಾಗಿಲ್ಲ.

ಇಷ್ಟು ಹೊತ್ತು ಹೇಳಿದ್ದು ಕತ್ತಲು, ಹೊಗೆ, ಕಿಡಿಗಳ ಮಾತಾಯಿತು. ಅವುಗಳಲ್ಲಿ ಭಾವ ಅರ್ಧ ಬೆಂದೇ ಇರುತ್ತದೆ ಎಂದು ಯಾರಾದರೂ ವಾದಿಸಬಹುದು. ಹಾಗಾದರೆ ಸ್ಟ್ಯಾನ್ಲಿ ಕುಬ್ರಿಕ್‌ನ ‘ದಿ ಶೈನಿಂಗ್’ (1980) ಆರಂಭಕ್ಕೆ ಏನು ಹೇಳುವುದು? ಅಲ್ಲಿ ಕತ್ತಲೇ ಇಲ್ಲ. ಹಗಲು ಬೆಳಕು, ಕನ್ನಡಿಯಂತೆ ನಿಂತ ಸರೋವರ, ನಡುವೆ ಪುಟ್ಟ ದ್ವೀಪ, ಸುತ್ತ ಹಿಮದ ಬೆಟ್ಟ. ಅಮೆರಿಕದ ಮೊಂಟಾನಾದಲ್ಲಿರುವ ಗ್ಲೇಸಿಯರ್ ರಾಷ್ಟ್ರೀಯ ಉದ್ಯಾನದ ಸೇಂಟ್ ಮೇರಿ ಸರೋವರ ಅದು. ಪ್ರವಾಸೋದ್ಯಮ ಇಲಾಖೆಯ ಕ್ಯಾಲೆಂಡರಿಗೆ ಹಾಕಬಹುದಾದ ಜಾಗ. ಬೆಟ್ಟ ಸುತ್ತುವ ರಸ್ತೆಯಲ್ಲಿ ಒಂದು ಹಳದಿ ಫೋಕ್ಸ್‌ವ್ಯಾಗನ್ ಕಾರು ಹೋಗುತ್ತಿದೆ. ಕುಬ್ರಿಕ್ ಅಲ್ಲಿಗೆ ಹೋಗಲಿಲ್ಲ. ಗ್ರೆಗ್ ಮ್ಯಾಕ್‌ಗಿಲಿವ್ರೇ ಎಂಬ ಛಾಯಾಗ್ರಾಹಕ ಹೆಲಿಕಾಪ್ಟರಿನಿಂದ ಇದನ್ನು ಚಿತ್ರಿಸಿದ. ನೋಡುತ್ತ ನೋಡುತ್ತ ಬೆನ್ನು ತಣ್ಣಗಾಗುತ್ತದೆ.

ಅಲ್ಲಿ ಹೆದರಿಸುವುದು ಕಾಣುವ ವಸ್ತುವಲ್ಲ, ನೋಡುವ ಕಣ್ಣು. ಕ್ಯಾಮೆರಾ ದ್ವೀಪದ ಕಡೆಗೆ ನೀರಿನ ಮೇಲೆ ತೇಲಿ ಬಂದು, ತುಸು ವಾಲಿ, ಪಕ್ಕದಿಂದ ಜಾರಿ ಹೋಗುತ್ತದೆ. ಆಮೇಲೆ ಬಹಳ ಎತ್ತರದಿಂದ ಕಾರನ್ನು ಹಿಂಬಾಲಿಸುತ್ತದೆ. ಹತ್ತಿರ ಬರುತ್ತದೆ, ಇನ್ನೇನು ಮುಟ್ಟಿತು ಅನ್ನುವಾಗ ಕಾರನ್ನು ಬಿಟ್ಟು ರಸ್ತೆಯಿಂದಾಚೆ ಪ್ರಪಾತದ ಮೇಲೆ ತೇಲಿ ಹೋಗುತ್ತದೆ. ಮನುಷ್ಯರು ಹೀಗೆ ನೋಡುವುದಿಲ್ಲ. ಹಕ್ಕಿಯೂ ಹೀಗೆ ಹಾರುವುದಿಲ್ಲ. ಜೊತೆಗೆ ವೆಂಡಿ ಕಾರ್ಲೋಸ್ ಮತ್ತು ರೇಚಲ್ ಎಲ್ಕಿಂಡ್ ಸಿಂಥಸೈಸರ್‌ನಲ್ಲಿ ನುಡಿಸಿದ, ಸತ್ತವರಿಗಾಗಿ ಹಾಡುವ ಹಳೆಯ ಲ್ಯಾಟಿನ್ ಪ್ರಾರ್ಥನೆಯ ಧಾಟಿ. ಹೆಸರುಗಳೋ ಸಾಮಾನ್ಯವಾಗಿ ಚಿತ್ರದ ಕೊನೆಯಲ್ಲಿ ಹೋಗುವ ಹಾಗೆ ತಿಳಿನೀಲಿ ಬಣ್ಣದಲ್ಲಿ ಕೆಳಗಿನಿಂದ ಮೇಲಕ್ಕೆ ಸರಿಯುತ್ತವೆ; ಕಥೆ ಶುರುವಾಗುವ ಮೊದಲೇ ಮುಗಿದಂತೆ. (ಕೆಲವು ಪ್ರತಿಗಳಲ್ಲಿ ಚೌಕಟ್ಟಿನ ಕೆಳಮೂಲೆಯಲ್ಲಿ ಹೆಲಿಕಾಪ್ಟರಿನ ನೆರಳು ಓಡಿಹೋಗುವುದು ಕಾಣುತ್ತದೆ. ಅದನ್ನು ಕಂಡುಹಿಡಿದು ನಗುವವರಿದ್ದಾರೆ. ಬೆಟ್ಟದ ಮೈಮೇಲೆ ಏನೋ ಒಂದು ಕಪ್ಪಗೆ ಸರಿದುಹೋಗುವುದು ಈ ಚಿತ್ರಕ್ಕೇನೂ ಅನ್ಯಾಯ ಮಾಡುವುದಿಲ್ಲ ಎಂಬುದು ನನ್ನ ಅಭಿಪ್ರಾಯ.)

ಈ ದೃಶ್ಯಕ್ಕೆ ಒಂದು ಬಾಲಂಗೋಚಿ ಇದೆ, ನನ್ನ ಪ್ರಶ್ನೆಗೆ ಅದು ಬಹಳ ಮುಖ್ಯ. ಎರಡು ವರ್ಷದ ನಂತರ ರಿಡ್ಲಿ ಸ್ಕಾಟ್ ‘ಬ್ಲೇಡ್ ರನ್ನರ್’ ಮಾಡಿದಾಗ, ಸದಾ ಕತ್ತಲು, ಸದಾ ಮಳೆಯ ಆ ಚಿತ್ರಕ್ಕೆ ಸುಖಾಂತ್ಯ ಬೇಕೆಂದು ನಿರ್ಮಾಪಕರ ಒತ್ತಾಯ ಬಂತು. ನಾಯಕ ನಾಯಕಿ ನಗರ ಬಿಟ್ಟು ಕಾರಿನಲ್ಲಿ ಹಸಿರಿನ ಕಡೆಗೆ ಪಾರಾಗಬೇಕು. ಬೆಟ್ಟ ಕಾಡುಗಳ ದೃಶ್ಯ ಎಲ್ಲಿಂದ ತರುವುದು? ಸ್ಕಾಟ್ ಕುಬ್ರಿಕ್‌ನನ್ನು ಕೇಳಿದ. ಕುಬ್ರಿಕ್ ‘ಶೈನಿಂಗ್’ಗಾಗಿ ತೆಗೆದು ಬಳಸದೆ ಬಿಟ್ಟಿದ್ದ ಹೆಲಿಕಾಪ್ಟರ್ ಶಾಟ್‌ಗಳನ್ನು ಕೊಟ್ಟ. ಅದೇ ಕ್ಯಾಮೆರಾ, ಅದೇ ಚಿತ್ರೀಕರಣ, ಅದೇ ತೇಲುವ ಕಣ್ಣು. ಒಂದು ಚಿತ್ರದಲ್ಲಿ ಮೃತ್ಯುವಿನ ಸವಾರಿಯಾಗಿದ್ದದ್ದು ಇನ್ನೊಂದರಲ್ಲಿ ಬಿಡುಗಡೆಯ ಉಸಿರಾಯಿತು. 1992ರ ನಿರ್ದೇಶಕರ ಆವೃತ್ತಿಯಲ್ಲಿ ಆ ಭಾಗ ತೆಗೆದುಹಾಕಿದರು, ಅದು ಬೇರೆ ಮಾತು.

ಕಾವ್ಯ ಓದಿದವರು ಇಲ್ಲಿ ನಗಬೇಕು. ಕೂಡಿದವರಿಗೆ ತಂಪೆರೆಯುವ ಚಂದ್ರ ಅಗಲಿದವರನ್ನು ಸುಡುತ್ತಾನೆ, ಹಚ್ಚಿದ ಗಂಧ ಮೈಯಲ್ಲಿ ಹೊಗೆಯಾಡುತ್ತದೆ ಎಂದು ನಮ್ಮ ಕವಿಗಳು ಸಾಕೆನ್ನುವಷ್ಟು ಸಲ ಹೇಳಿಟ್ಟಿದ್ದಾರೆ. ಚಂದ್ರನಿಗೆ ತನ್ನದೇ ಭಾವವಿಲ್ಲ. ನೋಡುವವರದ್ದೇ ಅವನದು. ಬ್ಲೇಡ್ ರನ್ನರಿನ ಕೊನೆಯಲ್ಲಿ ನಮಗೆ ನಾಯಕ ನಾಯಕಿ ಗೊತ್ತು, ಅವರ ಪಾಡು ಗೊತ್ತು, ಆದ್ದರಿಂದ ಬೆಟ್ಟ ಅವರ ನಿಟ್ಟುಸಿರನ್ನು ತೊಟ್ಟುಕೊಂಡಿತು. ಆದರೆ ಶೈನಿಂಗಿನ ಆರಂಭದಲ್ಲಿ ಆ ಹಳದಿ ಕಾರಿನಲ್ಲಿರುವವರು ಯಾರೆಂದೇ ಗೊತ್ತಿಲ್ಲ. ಹಾಗಿದ್ದ ಮೇಲೆ ಆ ಬೆಟ್ಟ ಯಾರ ಭಯ ತೊಟ್ಟಿತು? ಸಂಗೀತ ದಾರಿ ತೋರಿಸಿತು, ಒಪ್ಪೋಣ. ಆದರೆ ಹಿಂಬಾಲಿಸಲ್ಪಟ್ಟದ್ದು ಯಾರು? ಆಲಂಬನದ ಪೀಠ ಖಾಲಿಯಿತ್ತು, ಬೇರೆ ಯಾರೂ ಇರಲಿಲ್ಲ, ನಾವೇ ಹೋಗಿ ಕುಳಿತುಬಿಟ್ಟೆವು. ಕಥೆ ಶುರುವಾಗಿ ಜ್ಯಾಕ್ ಎಂಬವನು ಬಂದ ಮೇಲೆ ಭಯವನ್ನು ಅವನಿಗೋ ಅವನ ಹೆಂಡತಿ ಮಗುವಿಗೋ ಒಪ್ಪಿಸಿ ಹಗುರಾಗುತ್ತೇವೆ. ಅದಕ್ಕೇ ಇರಬೇಕು, ಒಮ್ಮೆ ನೋಡಿದ ಚಿತ್ರದ ಶೀರ್ಷಿಕೆಯನ್ನು ಮತ್ತೆ ನೋಡುವಾಗ ಅರ್ಥ ಹೆಚ್ಚಾಗಿ ನಡುಕ ಕಡಿಮೆಯಾಗುವುದು. ಜಲಸಾಘರದಲ್ಲಿ ಬಿರುಗಾಳಿಗೆ ತೂಗುದೀಪ ಹೊಯ್ದಾಡುವ ರಾತ್ರಿಯೇ ಜಮೀನ್ದಾರ ಹೆಂಡತಿ ಮಗನನ್ನು ನದಿಯಲ್ಲಿ ಕಳೆದುಕೊಂಡದ್ದು, ಕೊನೆಗೆ ಮೇಣದ ಬತ್ತಿಗಳು ಒಂದೊಂದಾಗಿ ಆರುವಾಗ ಅವನು ಕಂಗಾಲಾದದ್ದು, ಇವೆಲ್ಲ ಎರಡನೆಯ ಸಲಕ್ಕೆ ಗೊತ್ತಿರುತ್ತವೆ. ದುಃಖಕ್ಕೆ ವಾರಸುದಾರ ಸಿಕ್ಕಿರುತ್ತಾನೆ.

ಈಗಿನ ಚಿತ್ರಗಳಲ್ಲಿ ಹೆಸರುಗಳೆಲ್ಲ ಕೊನೆಗೆ ಹೋಗಿವೆ. ಛಾಯಾಗ್ರಾಹಕರ ಹೆಸರು ಬರುವ ಹೊತ್ತಿಗೆ ಅರ್ಧ ಜನ ಲಿಫ್ಟಿನ ಮುಂದೆ ಇರುತ್ತಾರೆ. ಮನೆಯಲ್ಲಿ ಧಾರಾವಾಹಿ ನೋಡುವವರಿಗೆ ಶೀರ್ಷಿಕೆ ಹಾರಿಸಲು ಬಟನ್ನೇ ಇದೆ. ಆರಂಭದ ಮೂಡು ಕಟ್ಟುವ ಶಾಟ್‌ಗಳು ಈಗಲೂ ಇವೆ, ಆದರೆ ಅವು ಹೆಸರುಗಳ ಹೊರೆಯಿಲ್ಲದೆ ಬರುತ್ತವೆ. ಒಳ್ಳೆಯದೇ ಆಯಿತು, ಅಕ್ಷರಗಳು ಚಿತ್ರವನ್ನು ಕೊಳೆ ಮಾಡುತ್ತಿದ್ದವು ಎನ್ನುವವರು ಬಹಳ. ಅವರು ಎತ್ತಿ ಹೇಳುವ ಉದಾಹರಣೆ ಆರ್ಸನ್ ವೆಲ್ಸ್‌ನ ‘ಟಚ್ ಆಫ್ ಈವಿಲ್’ (1958). ಮೆಕ್ಸಿಕೊ ಗಡಿಯ ಊರು. ಒಂದು ಕೈ ಬಾಂಬಿನ ಗಡಿಯಾರ ತಿರುಗಿಸುತ್ತದೆ, ಅದನ್ನು ಕಾರಿನ ಡಿಕ್ಕಿಯಲ್ಲಿ ಇಡುತ್ತದೆ. ಅಲ್ಲಿಂದ ಛಾಯಾಗ್ರಾಹಕ ರಸೆಲ್ ಮೆಟ್ಟಿಯ ಕ್ಯಾಮೆರಾ ಕ್ರೇನಿನಲ್ಲಿ ಮನೆಗಳ ಸೂರಿನ ಮೇಲೆ ಏರಿ, ಇಳಿದು, ಮೂರು ನಿಮಿಷಕ್ಕೂ ಹೆಚ್ಚು ಹೊತ್ತು ಎಲ್ಲೂ ಕತ್ತರಿಸದೆ, ಆ ಕಾರನ್ನೂ ನಡೆದು ಬರುವ ನವದಂಪತಿಯನ್ನೂ ಒಂದೇ ಬೀದಿಯಲ್ಲಿ ಹೆಣೆಯುತ್ತ ಹೋಗುತ್ತದೆ. ಯೂನಿವರ್ಸಲ್ ಸ್ಟುಡಿಯೋ ಇದರ ಮೇಲೆ ಹೆಸರುಗಳನ್ನೂ ಹೆನ್ರಿ ಮ್ಯಾನ್ಸಿನಿಯ ಸಂಗೀತವನ್ನೂ ಹಾಕಿತು. ವೆಲ್ಸ್‌ಗೆ ಬೇಕಿದ್ದದ್ದು ಬೀದಿಯ ಬಾರುಗಳಿಂದ, ಕಾರಿನ ರೇಡಿಯೋದಿಂದ ಬಂದು ಒಂದರೊಳಗೊಂದು ಕರಗುವ ಹಾಡುಗಳು. ಸ್ಟುಡಿಯೋ ಕತ್ತರಿಸಿದ ಪ್ರತಿ ನೋಡಿ ಆತ 58 ಪುಟಗಳ ಟಿಪ್ಪಣಿ ಬರೆದ, ಯಾರೂ ಹೆಚ್ಚಿಗೆ ಕಿವಿಗೊಡಲಿಲ್ಲ. 1998ರಲ್ಲಿ, ಆತ ತೀರಿಕೊಂಡು ಹದಿಮೂರು ವರ್ಷವಾದ ಮೇಲೆ, ಸಂಕಲನಕಾರ ವಾಲ್ಟರ್ ಮರ್ಚ್ ಆ ಟಿಪ್ಪಣಿ ಹಿಡಿದು ಚಿತ್ರವನ್ನು ಮರುಜೋಡಿಸಿ, ಆ ಶಾಟಿನಿಂದ ಅಕ್ಷರಗಳನ್ನು ಒರೆಸಿದ.

ನ್ಯಾಯ ವೆಲ್ಸ್‌ನ ಕಡೆಗಿದೆ, ಸಂಶಯವಿಲ್ಲ. ಆ ಬೀದಿಯ ಸದ್ದುಗಳಂತೂ ಸೊಗಸು. ಆದರೂ ನನಗೆ ಒಂದು ತಕರಾರು ಇದೆ. ಅಕ್ಷರವಿಲ್ಲದ ಪ್ರತಿಯಲ್ಲಿ ನಾನು ಬಾಂಬಿಟ್ಟ ಕಾರಿನಿಂದ ಕಣ್ಣು ಕೀಳುವುದಿಲ್ಲ. ಪತ್ತೇದಾರನ ಹಾಗೆ ಕಾಯುತ್ತ ಕುಳಿತಿರುತ್ತೇನೆ, ಎಲ್ಲ ಬಾಗಿಲಿಗೂ ಚಿಲಕ ಹಾಕಿಕೊಂಡು. ಸ್ಟುಡಿಯೋದ ಪ್ರತಿಯಲ್ಲಿ ಕಣ್ಣು ಹೆಸರು ಓದಲು ಹೋಗುತ್ತದೆ. ಚಾರ್ಲ್ಟನ್ ಹೆಸ್ಟನ್, ಜ್ಯಾನೆಟ್ ಲೀ ಎಂದು ಓದುವಷ್ಟರಲ್ಲಿ ಕಾರು ತಪ್ಪಿಹೋಗುತ್ತದೆ, ಬಾಂಬು ಮರೆತೇ ಹೋಗುತ್ತದೆ. ಬೀದಿಯ ದೀಪ, ಗೋಡೆಗಳ ಮೇಲೆ ಓಡುವ ನೆರಳು, ರಾತ್ರಿಯ ಬೆವರು ಇವೆಲ್ಲ ಆ ಮರೆವಿನಲ್ಲಿ, ಕೇಳದೆ ಮಾಡದೆ, ಪಕ್ಕದಿಂದ ಒಳಗೆ ಬಂದಿರುತ್ತವೆ. ಆಮೇಲೆ ಕಾರು ಗಡಿಯ ಠಾಣೆಯ ಹತ್ತಿರ ಮತ್ತೆ ಕಂಡಾಗ ಎದೆ ಧಸಕ್ಕೆನ್ನುತ್ತದೆ. ಈಗ ಎರಡು ಪ್ರತಿಗಳೂ ನೋಡಲು ಸಿಗುತ್ತವೆ. ಮೊದಲ ಸಲ ನೋಡುವವರು ವಿದ್ವಾಂಸರ ಮಾತು ಬದಿಗಿಟ್ಟು 1958ರ ಕೊಳೆಯಾದ ಪ್ರತಿಯನ್ನೇ ಹಾಕಿಕೊಳ್ಳಲಿ, ಹೆಸರುಗಳನ್ನು ಒಂದೂ ಬಿಡದೆ ಓದಲಿ. ಮರ್ಚ್‌ನ ಪ್ರತಿ ಮರುದಿನಕ್ಕೆ ಇದ್ದೇ ಇದೆ.